ಮುತ್ತಯ್ಯನ ಬಿಡುಗಡೆಯೂ ಕಳುವಾಗದ ಎಮ್ಮೆಯೂ

ಮಾನ್ಯ ಎಮ್ಮೆಯವರೇ,

ತಾವೂ ತಮ್ಮ ಕರುವೂ ಸೌಖ್ಯವೆಂದು, ಹಿಂಡಿ ಬೂಸಾ ವೇಳೆಗೆ ಸರಿಯಾಗಿ ಒದಗುತ್ತಿದೆಯೆಂದು ಹನೂರು ಕಡೆಯಿಂದ ಬಂದವರು ಹೇಳಿದರು; ಬಹಳ ಸಂತೋಷ. ನಾನು ಕೊಳ್ಳೇಗಾಲದ ದೀಪಶ್ರೀ. ಅಪರಾಧಶಾಸ್ತ್ರ ಕಲಿಸುತ್ತ, ಕೈದಿಗಳ ಹಕ್ಕಿಗಾಗಿ ಜೈಲು, ಕೋರ್ಟು, ಕಚೇರಿಗಳನ್ನು ಅಲೆಯುತ್ತ ತಲೆ ನರೆಸಿಕೊಂಡವಳು. ಇಂಥವಳಿಗೆ ತಾವು ಮಾಡಿದ ಅನ್ಯಾಯವನ್ನು ತಮ್ಮ ದಿವ್ಯ ಗಮನಕ್ಕೆ ತರಬಯಸುತ್ತೇನೆ.

ಕಳೆದ ಬೇಸಿಗೆಯಲ್ಲಿ ತಾವು ಯಜಮಾನರಾದ ದೊಡ್ಡಮಾದಪ್ಪನವರಿಗೆ ಒಂದು ಮಾತೂ ತಿಳಿಸದೆ ಕಾಡಂಚಿನಲ್ಲಿ ಮಾಯವಾದಿರಿ. ತಮ್ಮನ್ನು ಮೇಯಿಸುತ್ತಿದ್ದ ಮುತ್ತಯ್ಯನೇ ತಮಿಳುನಾಡಿನ ಗಡಿ ದಾಟಿಸಿ ಮಾರಿದನೆಂದು ದೂರು ದಾಖಲಾಯಿತು, ಅವನು ಜೈಲು ಸೇರಿದ. ಕೋರ್ಟು ಜಾಮೀನು ಕೊಟ್ಟಿತಾದರೂ ಜಮೀನಿನ ಪಹಣಿ ಇರುವವರೊಬ್ಬರು ಹೊಣೆ ನಿಲ್ಲಬೇಕಿತ್ತು. ದೊಡ್ಡಮಾದಪ್ಪನವರ ಮುನಿಸಿಗೆ ಹೆದರಿ ಯಾರೂ ಬರಲಿಲ್ಲ. ಮುತ್ತಯ್ಯನ ಹೆಂಡತಿ ರಾಚಮ್ಮ ಮನೆಮನೆ ತಿರುಗಿ ಸೋತಳು. ಜಾಮೀನು ಸಿಕ್ಕಿಯೂ ಮುತ್ತಯ್ಯ ಮಳೆಗಾಲವನ್ನೆಲ್ಲ ಒಳಗೇ ಕಳೆದ.

ಅಲ್ಲಿ ನಾನು ಕಂಡಾಗ ಅವನು ಹೇಳಿದ್ದಿಷ್ಟು: “ನಾ ಮಾರ್ನಿಲ್ಲ ಕಣವ್ವ. ಅದು ನನ್ ಮಾತ್ ಕೇಳ್ತಿದ್ರೆ ತಾನೆ ಗಡಿ ದಾಟ್ಸದು?” ನಕ್ಕುಬಿಟ್ಟೆ. ಅವನು ನಗಲಿಲ್ಲ. ಊಟ ಬಿಟ್ಟು ಒಣಗಿದ್ದ.

ಮರುದಿನವೇ ಉಚಿತ ಕಾನೂನು ನೆರವಿನ ವಕೀಲರನ್ನು ಕರೆದುಕೊಂಡು ಕೋರ್ಟಿಗೆ ಹೋದೆ. ಹೊಣೆಗಾರರು ಸಿಗದಿರುವುದು ಬಡತನವೇ ಹೊರತು ಅಪರಾಧವಲ್ಲ ಎಂಬ ನಮ್ಮ ವಾದವನ್ನು ನ್ಯಾಯಾಧೀಶರು ಒಪ್ಪಿ, ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು. ಜೈಲಿನ ಬಾಗಿಲಲ್ಲಿ ರಾಚಮ್ಮ ಅವನ ತೋಳು ಹಿಡಿದು, “ನೆಳ್ಳಲ್ಲಿ ಕೂತು ಬೆಳ್ಳಗಾಗ್ಬುಟ್ಟಿದ್ದೀಯ, ನಡಿ” ಎಂದಳು. ಇಷ್ಟು ವರ್ಷದ ಭಾಷಣಗಳು ಸಾರ್ಥಕವೆನಿಸಿ, ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಊರಿಗೆ ಬಂದೆ.

ನನ್ನ ಗೆಲುವಿನ ಸುದ್ದಿ ಹರಡುವ ಮೊದಲೇ ತಾವು ಮಾಡಿದ್ದೇನು? ಒಡೆಯರಪಾಳ್ಯದ ಜೋಳದ ಹೊಲಗಳಲ್ಲಿ ಮೈ ತುಂಬಿಕೊಂಡು, ಮುದ್ದಾದ ಕರುವಿನೊಡನೆ ನೇರವಾಗಿ ಮುತ್ತಯ್ಯನ ಅಂಗಳಕ್ಕೇ ಬಂದು ನಿಂತಿರಿ. ದೊಡ್ಡಮಾದಪ್ಪನವರು “ತಪ್ಪಾಯ್ತು ಕಣಯ್ಯ” ಎಂದು ಅವನ ಕೈ ಹಿಡಿದರು, ಕೇಸೇ ಬಿದ್ದುಹೋಯಿತು. ಊರವರು ತಮಗೆ ಹಾರ ಹಾಕಿ, ‘ಸತ್ಯ ಗೆಲ್ಲಿಸಿದ ಮಹಾತಾಯಿ’ ಎಂದು ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ನಾನೂ ಇದ್ದೇನೆ, ತಮ್ಮ ಬಾಲದ ಹಿಂದೆ, ಅರ್ಧ ಮುಖ.

ಆದ್ದರಿಂದ ಯಳಂದೂರಿನಲ್ಲಿ ನಡೆಯುವ ಜೈಲು ಸುಧಾರಣಾ ಸಭೆಯ ಅಧ್ಯಕ್ಷತೆಯನ್ನು ತಾವೇ ವಹಿಸಬೇಕೆಂದು ಪ್ರಾರ್ಥನೆ. ಮಾತಾಡಲೇಬೇಕೆಂದಿಲ್ಲ. ವೇದಿಕೆಯ ಮೇಲೆ ಸುಮ್ಮನೆ ಮೆಲುಕು ಹಾಕುತ್ತ ಕುಳಿತವರನ್ನು ನಮ್ಮ ಸಭೆಗಳು ಯಥೇಚ್ಛವಾಗಿ ಕಂಡಿವೆ.

ಕೊಂಬುಗಳಿಂದ ಗೌರವಪೂರ್ವಕ ದೂರದಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ದೀಪಶ್ರೀ

ತಾ.ಕ.: ಮುತ್ತಯ್ಯನಿದ್ದ ಕೋಣೆಯಲ್ಲಿ ಮಣಿಕಂಠನೆಂಬವನು ಇನ್ನೂ ಇದ್ದಾನೆ, ಅವನಿಗೂ ಹೊಣೆ ನಿಲ್ಲುವವರಿಲ್ಲ. ಅವನು ಕದ್ದನೆನ್ನುವುದು ಪಂಪ್‌ಸೆಟ್ಟನ್ನು. ಅದು ತಾನಾಗಿ ನಡೆದು ಮನೆಗೆ ಬರುವ ಲಕ್ಷಣವಿಲ್ಲವಾದ್ದರಿಂದ, ಸೋಮವಾರ ನಾನೇ ಕೋರ್ಟಿಗೆ ಹೋಗುತ್ತಿದ್ದೇನೆ.