ಸುಮ್ಮನೆ ಬಂದೆ ಅಂದರೆ ಯಾರು ನಂಬುತ್ತಾರೆ?

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಹೆಂಗಸರಿಗೆ ಮಂಡಿನೋವು ಬರಬಹುದು, ವೈರಾಗ್ಯ ಬರಬಹುದು, ಯೋಗಶಿಬಿರದ ಹುಚ್ಚು ಹಿಡಿಯಬಹುದು. ಯಾರೂ ಏನೂ ಅನ್ನುವುದಿಲ್ಲ. ನನಗೆ ಜಪಾನಿನ ಕಾರ್ಟೂನು ನೋಡುವ ಚಟ ಹತ್ತಿತು. ಕಾರ್ಟೂನು ಅಂದರೆ ಮಗಳು ಚೈತ್ರಳಿಗೆ ಸಿಟ್ಟು ಬರುತ್ತದೆ, ‘ಅನಿಮೆ ಅನ್ನಮ್ಮ’ ಅನ್ನುತ್ತಾಳೆ. ತಿಪಟೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ, ಒಮ್ಮೆ ನಕ್ಕರೆ ತರಗತಿ ಕೈತಪ್ಪಿತು ಎಂದೇ ನಂಬಿರುವ ನಾನು ಇದನ್ನು ನೋಡುತ್ತೇನೆಂಬುದು ನಮ್ಮ ಸ್ಟಾಫ್ ರೂಮಿಗೆ ಇನ್ನೂ ಗೊತ್ತಿಲ್ಲ. ನೀವೂ ಹೇಳಬೇಡಿ.

ಮೊದಲು ಬೈಯುವುದಕ್ಕೆಂದೇ ಮಗಳ ಪಕ್ಕ ಕೂತಿದ್ದು. ನಾಲ್ಕು ಹುಡುಗಿಯರು ಶಾಲೆ ಬಿಟ್ಟ ಮೇಲೆ ಮನೆಗೆ ನಡೆಯುತ್ತಾರೆ. ದಾರಿಯಲ್ಲಿ ಬನ್ನು ತಿನ್ನುತ್ತಾರೆ. ಮಳೆ ಬರುತ್ತದೆ. ಒಬ್ಬಳ ಛತ್ರಿ ಮುರಿದಿದೆ ಅಂತ ಉಳಿದ ಮೂವರೂ ತಮ್ಮ ಛತ್ರಿ ಮಡಚಿ ನೆನೆಯುತ್ತಾರೆ. ಅಲ್ಲಿಗೆ ಕಂತು ಮುಗಿಯಿತು.

‘ಮುಂದೆ?’ ಅಂದೆ.

‘ಮುಂದೇನಿಲ್ಲ.’

‘ಛತ್ರಿ ಮುರಿದವರು ಯಾರು?’

‘ಯಾರೂ ಇಲ್ಲಮ್ಮ, ಹಳೇದು. ಇದರಲ್ಲಿ ಏನೂ ಆಗಲ್ಲ. ಅದೇ ಮಜಾ.’

ನಮ್ಮ ಧಾರಾವಾಹಿಯಾಗಿದ್ದರೆ ಛತ್ರಿ ಮುರಿದವಳು ನಾದಿನಿಯೇ ಎಂದು ಪತ್ತೆ ಹಚ್ಚಲು ಆರು ತಿಂಗಳು ಬೇಕಿತ್ತು. ಆ ನಡುವೆ ಪಾಯಸಕ್ಕೆ ಎರಡು ಸಲ ವಿಷ ಬೀಳುತ್ತಿತ್ತು. ಇಲ್ಲಿ ವಿಷವೂ ಇಲ್ಲ, ನಾದಿನಿಯೂ ಇಲ್ಲ. ಎಂಥ ದಂಡದ ಕಥೆ ಎಂದು ಬೈದೆ. ಬೈಯುತ್ತಲೇ ಒಂದೇ ವಾರದಲ್ಲಿ ಒಂಬತ್ತು ಕಂತು ನೋಡಿ ಮುಗಿಸಿದೆ.

ಒಂಬತ್ತನೆಯದರಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳ ಮನೆಗೆ ಹೋಗುತ್ತಾಳೆ. ಯಾಕೆ? ಯಾಕೂ ಇಲ್ಲ, ಸುಮ್ಮನೆ. ನನಗೆ ಸಾವಿತ್ರಿ ನೆನಪಾದಳು. ಹೈಸ್ಕೂಲಿನಲ್ಲಿ ನನ್ನ ಬೆಂಚಿನವಳು. ಬಿಳಿಗೆರೆಯ ತೋಟದವರ ಮನೆಗೆ ಕೊಟ್ಟಿದ್ದಾರೆ. ಬಸ್ಸು ಹತ್ತಿದರೆ ಮಹಾ ಎಷ್ಟು ಹೊತ್ತಿನ ದಾರಿ! ಆದರೂ ಅವಳ ಮನೆಗೆ ಹೋಗಿ ಆರು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಇಬ್ಬರೂ ಮೊಬೈಲಿನಲ್ಲಿ ಗುಲಾಬಿ ಹೂವಿನ ಶುಭೋದಯ ಕಳಿಸಿಕೊಂಡು ಸ್ನೇಹವನ್ನು ಬಾಡದಂತೆ ಇಟ್ಟಿದ್ದೆವು. ಭಾನುವಾರ ಬಸ್ಸು ಹತ್ತಿಯೇಬಿಟ್ಟೆ.

ಸಾವಿತ್ರಿ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ನೋಡುತ್ತಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

‘ಏನೇ ಇದು, ಹೇಳ್ದೆ ಕೇಳ್ದೆ? ಏನ್ ವಿಷ್ಯ?’

‘ಏನಿಲ್ಲ ಕಣೇ. ಸುಮ್ನೆ ಬಂದೆ.’

‘ಚೈತ್ರನ ಮದ್ವೆ ಗೊತ್ತಾಯ್ತಾ?’

‘ಇಲ್ಲ.’

‘ಎಲೆಕ್ಷನ್ನಿಗೇನಾರಾ ನಿಂತಿದೀಯಾ?’

‘ಅಯ್ಯೋ, ಇಲ್ವೇ!’

ಅವಳ ಮುಖ ಸಣ್ಣಗಾಯಿತು. ಒಳಗೆ ಹೋಗಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಆ ಅಜ್ಜಿ ಬಂದು ನನ್ನ ಪಕ್ಕ ಕೂತು ಬೆನ್ನು ಸವರಿದರು. ‘ಗಂಡ ಏನಾರಾ ಅಂದ್ನೇನವ್ವ?’

‘ಇಲ್ಲಜ್ಜಿ, ಅವರು ದೇವರಂಥವರು.’

‘ಎಲ್ಲಾರೂ ಹಂಗೇ ಅಂತಾರೆ ಬುಡವ್ವ’ ಎಂದು ಅಜ್ಜಿ ಕಣ್ಣೊರೆಸಿಕೊಂಡರು. ನಾನು ಇಲ್ಲ ಇಲ್ಲ ಎಂದಷ್ಟೂ ನನ್ನ ದಾಂಪತ್ಯ ಅವರ ಕಣ್ಣಲ್ಲಿ ಮುರಿದು ಬೀಳುತ್ತಾ ಹೋಯಿತು. ಗತಿಯಿಲ್ಲದೆ, ಕಾರ್ಟೂನು ನೋಡಿ ಬಂದೆ ಎಂದು ನಿಜ ಹೇಳಿದೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅಲ್ಲಿಯವರೆಗೆ ಮನಸ್ಸಿಗೆ ಬೇಜಾರಾಗಿದೆ ಅಂದುಕೊಂಡಿದ್ದವರು, ಈಗ ತಲೆಗೇ ಏನೋ ಆಗಿದೆ ಅಂದುಕೊಂಡರು.

ಅಜ್ಜಿ ಕಾಫಿಗೆ ಎದ್ದಾಗ ಸಾವಿತ್ರಿ ಮೆಲ್ಲಗೆ ಕೇಳಿದಳು: ‘ನಮ್ಮಪ್ಪ ಹೋದಾಗ್ಲೂ ನೀನು ಫೋನಲ್ಲೇ ಮಾತಾಡಿಸ್ದೆ. ಆಗ ಬರ್ದೇ ಇದ್ದೋಳು ಈಗ ಸುಮ್ನೆ ಬಂದೆ ಅಂದ್ರೆ ಹೆಂಗೇ ನಂಬ್ಲಿ?’

ಎಂಥ ಲೆಕ್ಕಕ್ಕೂ ಉತ್ತರ ಬರೆಯುವ ನಾನು ಒಂದು ಕಾಯಿ ತೆಗೆದುಕೊಂಡು ಅಲ್ಲಾಡಿಸಿದೆ. ಅವಳೂ ಇನ್ನೊಂದು ತೆಗೆದುಕೊಂಡಳು. ಹೀಗೇ ಅರ್ಧ ರಾಶಿ ಮುಗಿಸಿದೆವು. ಆಮೇಲೆ ಎಂಟನೇ ಕ್ಲಾಸಿನಲ್ಲಿ ನನ್ನ ಜಡೆ ಕಿಟಕಿಯ ಸರಳಿಗೆ ಸಿಕ್ಕಿಹಾಕಿಕೊಂಡ ಮಾತು ಬಂತು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅಷ್ಟರಲ್ಲಿ ನಮ್ಮನೆಯವರ ಬೈಕು ಬಂದು ನಿಂತಿತು. ಸಾವಿತ್ರಿ ಆಗಲೇ ಫೋನು ಮಾಡಿಬಿಟ್ಟಿದ್ದಳು. ಹೆಲ್ಮೆಟ್ ತೆಗೆಯುವ ಮೊದಲೇ ಅಜ್ಜಿ ಅವರಿಗೆ ಸಂಸಾರದ ಬಗ್ಗೆ ಕಾಲು ಗಂಟೆ ಬುದ್ಧಿ ಹೇಳಿದರು. ನಮ್ಮನೆಯವರು ಎಲ್ಲವನ್ನೂ ಕೇಳಿ, ನನ್ನ ಕಡೆ ತಿರುಗಿ, ‘ಏನಂತ ಗೊತ್ತಿಲ್ಲ, ಆದರೂ ತಪ್ಪಾಯ್ತು’ ಅಂದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಕ್ಕೆ ಅವರ ಬಾಯಿಂದ ಬಂದ ಮೊದಲ ತಪ್ಪೊಪ್ಪಿಗೆ. ನಾನು ತಿದ್ದಲಿಲ್ಲ. ‘ಇರಲಿ ಬಿಡಿ’ ಎಂದು ದೊಡ್ಡ ಮನಸ್ಸು ಮಾಡಿದೆ.

ಮುಂದಿನ ಭಾನುವಾರ ಕೊನೆಯ ಕಂತು ನೋಡುತ್ತಿದ್ದೆ. ನಾಲ್ವರೂ ಶಾಲೆ ಮುಗಿಸಿ ಬೇರೆಬೇರೆ ಊರಿಗೆ ಹೊರಟಿದ್ದರು. ನನ್ನ ಸೆರಗು ಒದ್ದೆಯಾಗಿತ್ತು. ಕರೆಗಂಟೆ ಸದ್ದು ಮಾಡಿತು, ಹಿಂದೆಯೇ ಸಾವಿತ್ರಿಯ ದನಿ.

‘ಅಮ್ಮ ಇಲ್ಲ ಅನ್ನು’ ಅಂದೆ ಚೈತ್ರಳಿಗೆ, ‘ಇನ್ನು ಎಂಟೇ ನಿಮಿಷ.’

ಚೈತ್ರ ನನ್ನನ್ನು ಒಂದು ಥರಾ ನೋಡಿ, ಬಾಗಿಲು ತೆಗೆದು, ‘ಬನ್ನಿ ಆಂಟಿ. ಅಮ್ಮ ಎಂಟು ನಿಮಿಷ ಮನೇಲಿಲ್ವಂತೆ’ ಅಂದಳು.

ಸಾವಿತ್ರಿ ನಗುತ್ತಾ ಬಂದು, ‘ನಾನೂ ಸುಮ್ನೆ ಬಂದೆ ಕಣೇ, ಸರ್ಕೊ’ ಎಂದು ಪಕ್ಕದಲ್ಲಿ ಕೂತಳು. ಕೂತವಳು ಸುಮ್ಮನಿರಬೇಕಲ್ಲ? ಇವಳ್ಯಾರು, ಯಾಕೆ ಅಳ್ತಾಳೆ, ಕಣ್ಣು ಯಾಕಿಷ್ಟು ದಪ್ಪ ಎಂದು ಶುರುಮಾಡಿದಳು.

‘ಶ್! ಸ್ವಲ್ಪ ಬಾಯಿ ಮುಚ್ಕೊಂಡು ನೋಡೇ’ ಎಂದು ಗದರಿದೆ. ‘ಸ್ನೇಹ ಅಂದ್ರೆ ಏನು ಅಂತ ಗೊತ್ತಾಗುತ್ತೆ.’