ಪರಸಪ್ಪನನ್ನು ಠಾಣೆಗೆ ಒಪ್ಪಿಸಿದ್ದು

ಮೌಲಾಅಲಿಯ ಕುದುರೆ ಅವತ್ತು ಮುಂಜಾನೆ ನಿಧಾನವಾಗಿ ನೀರು ಕುಡಿಯಿತು. ಆದದ್ದೆಲ್ಲ ಅದರಿಂದಲೇ. ಕೊಣ್ಣೂರಿನ ಹತ್ತಿರದ ರೈಲು ಸ್ಟೇಷನ್ನಿನಲ್ಲಿ ಧಡೂತಿ ಆಸಾಮಿಯೊಬ್ಬ ಇಳಿದದ್ದೇ ತಡ, ಉಳಿದ ಟಾಂಗಾದವರೆಲ್ಲ ಬಾಡಿಗೆ ಬಿಟ್ಟು ಕಾಲುಕಿತ್ತಿದ್ದರು. ನೀರಿನ ತೊಟ್ಟಿಯಿಂದ ಬಂದು ನೋಡಿದರೆ ಅಂಗಳ ಖಾಲಿ. ತನ್ನ ನಸೀಬು ಖುಲಾಯಿಸಿತೆಂದು ಮೌಲಾಅಲಿ ಹಿಗ್ಗಿದ.

"ಗೋಕಾಕಕ್ಕ ನಡಿ," ಎಂದು ಆಸಾಮಿ ಹತ್ತಿದ. ಟಾಂಗಾ ಹಿಂದಕ್ಕೆ ವಾಲಿ, ಕುದುರೆ ಮುಂಗಾಲೆತ್ತಿ ಗಾಳಿಯಲ್ಲಿ ನಮಾಜಿಗೆ ನಿಂತಂತಾಯಿತು.

ಸ್ವಲ್ಪ ದೂರ ಹೋಗಿ ಹಿಂದಿರುಗಿ ನೋಡಿದಾಗ ಅಂಗಳ ಖಾಲಿಯಾದದ್ದು ಯಾಕೆಂದು ಮೌಲಾಅಲಿಗೆ ತಿಳಿಯಿತು. ಆಸಾಮಿಯ ಎಡಗಿವಿ ಅರ್ಧವೇ ಇತ್ತು. ಅರ್ಧಗಿವಿಯ ದರೋಡೆಕೋರ ಪರಸಪ್ಪ ಅಂದರೆ ಹುಕ್ಕೇರಿಯಿಂದ ಸಂಕೇಶ್ವರದವರೆಗೆ ಬಂಡಿ ಹೂಡುವವರು ಎತ್ತನ್ನು ಮತ್ತೆ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದರು. ಆ ದಾರಿಯಲ್ಲಿ ಅರಿವೆಯ ಗಂಟು ಹೊತ್ತು ಹೋಗಿದ್ದ ಮೌಲಾಅಲಿಯ ಅಣ್ಣ ರಮಜಾನಸಾಬನನ್ನು ಈ ಪರಸಪ್ಪನೇ ಬಡಿದು ಕೆಡವಿದ್ದ. ಅಂದಿನಿಂದ ಅಣ್ಣನ ನಡು ನೆಟ್ಟಗಾಗಿರಲಿಲ್ಲ.

ಕೊಣ್ಣೂರಿನ ಚಹಾದಂಗಡಿ ಮುಂದೆ ಪರಸಪ್ಪ ಟಾಂಗಾ ನಿಲ್ಲಿಸಿ ಚಹಾ ತರಲು ಹೇಳಿದ. ಮೌಲಾಅಲಿ ಒಳಗೆ ಹೋದ. ಅಂಗಡಿಯ ಸೋಮಪ್ಪ ಆಗಲೇ ಬಾಗಿಲ ಸಂದಿಯಿಂದ ಎಲ್ಲ ನೋಡಿದ್ದ.

"ಗಾಡ್ಯಾಗ ಯಾರನ್ನ ಕುಂಡ್ರಿಸ್ಕೊಂಡಿ, ಗೊತ್ತೈತೇನು?"

"ಕಿವಿ ನೋಡೇನ್ರಿ ಕಾಕಾ."

"ಅವನ ಮ್ಯಾಲ ವಾರಂಟ್ ಐತಿ. ಸೀದಾ ಠಾಣೆಕ ಹೊಡಿ. ಅಣ್ಣನ ಋಣಾ ತೀರತೈತಿ."

"ನೀವೂ ಬರ್ರಲ್ಲ, ಇಬ್ಬರಾದ್ರ ಧೈರ್ಯ."

"ನಾ ಬಂದ್ರ ಒಲಿ ಆರತೈತಿ," ಅಂದ ಸೋಮಪ್ಪ.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ತರಕಾರಿಯ ಲಕ್ಕವ್ವ ಸಮಾಧಾನ ಹೇಳಿದಳು: "ಅಂಜಬ್ಯಾಡ, ಹೋಗಪಾ. ನಿನಗೇನಾರ ಆದ್ರ ನಿನ್ನ ಹೆಂಡ್ತೀನ ನಾವು ನೋಡ್ಕೋತೇವಿ."

ಆ ಸಮಾಧಾನದಿಂದಲೇ ಮೌಲಾಅಲಿಗೆ ಇದ್ದಷ್ಟು ಧೈರ್ಯವೂ ಹೋಯಿತು. ಅಷ್ಟರಲ್ಲಿ ಸೋಮಪ್ಪ ಇದ್ದುದರಲ್ಲಿ ಚೆಂದದ ಕಪ್ಪುಬಸಿ ತೊಳೆದು, ಚಹಾ ತಾನೇ ಹೊತ್ತೊಯ್ದು, "ಸಕ್ಕರಿ ಸಾಕಾತೇನ್ರಿ ಸಾಹೇಬ್ರ?" ಎಂದು ಪರಸಪ್ಪನೆದುರು ಬಗ್ಗಿ ನಿಂತಿದ್ದ.

ಮುಂದಿನ ದಾರಿಯಲ್ಲಿ ಪರಸಪ್ಪ ಗೊರಕೆ ಹೊಡೆದ. ಲಗಾಮು ಬಿಟ್ಟು ಹೊಲದೊಳಗೆ ಓಡಿಬಿಡೋಣವೇ ಅನ್ನಿಸಿತು ಮೌಲಾಅಲಿಗೆ. ಆದರೆ ಮನೆಯಲ್ಲಿ ಅಣ್ಣ ಗೋಡೆ ಹಿಡಿದು ಏಳುವುದು ಕಣ್ಣಮುಂದೆ ಬಂತು. ಗೋಕಾಕ ಪೇಟೆ ಹತ್ತಿರ ದಾರಿ ಕವಲೊಡೆದಾಗ ಅವನ ಕೈ ತಾನಾಗಿ ಠಾಣೆಯ ಕಡೆ ಎಳೆಯಿತು. ಗಾಡಿ ಕುಲುಕಿ ಪರಸಪ್ಪನಿಗೆ ಎಚ್ಚರವಾಯಿತು.

"ಎಲ್ಲಿಗೆ ಹೊಂಟಿ?"

"ನೀವು ಹೋಗಬೇಕಾದಲ್ಲಿಗೇ ರೀ." ದನಿ ಹರಿದ ತಮಟೆಯಂತಿತ್ತು.

ಪರಸಪ್ಪ ಅವನ ಬೆನ್ನನ್ನೇ ಒಂದಿಷ್ಟು ಹೊತ್ತು ನೋಡಿ, "ಶಾಣ್ಯಾ ಅದಿ," ಎಂದು ಮತ್ತೆ ಕಣ್ಣು ಮುಚ್ಚಿದ.

ಠಾಣೆಯ ಗೇಟಿನೊಳಗೆ ನುಗ್ಗಿದ್ದೇ ಮೌಲಾಅಲಿ ಕೆಳಗೆ ಹಾರಿದ. "ಫೌಜದಾರ ಸಾಹೇಬ್ರ, ಪರಸಪ್ಪನ್ನ ತಂದೇನ್ರಿ."

ಫೌಜದಾರರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದರು. ಬಂದವರು ಪರಸಪ್ಪನಿಗೆ ಸಲಾಮು ಹೊಡೆದರು. ಹಿಂದೆಯೇ ಚೆಂಡುಹೂವಿನ ಹಾರ ಹಿಡಿದು ಬಂದವರು, ಮೊನ್ನೆ ತಾನೇ ಲೋಕಲ್ ಬೋರ್ಡಿಗೆ ಆರಿಸಿ ಬಂದ ರಾವಸಾಹೇಬರು. ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಮತ ಹಾಕುವಾಗ ಪರಸಪ್ಪ ಕೊಡಲಿ ಹಿಡಿದು ಪೆಟ್ಟಿಗೆಯ ಬಾಜೂ ನಿಂತಿದ್ದ. ಅಷ್ಟೂ ಮತ ರಾವಸಾಹೇಬರಿಗೇ ಬಿದ್ದಿದ್ದವು. ಈಗ ವಾರಂಟು ರದ್ದಾಗಿ, ದರೋಡೆ ತಡೆಯಲು ಹೊಸದೊಂದು ಕಮಿಟಿ ಆಗಿತ್ತು. ಅದರ ಅಧ್ಯಕ್ಷ ಪರಸಪ್ಪ. ಅವನು ಅಧಿಕಾರ ವಹಿಸಿಕೊಳ್ಳುವುದು ಅವತ್ತೇ.

ಮೌಲಾಅಲಿ ಮೆಲ್ಲಗೆ ಟಾಂಗಾ ತಿರುಗಿಸಿದ.

"ನಿಲ್ಲು," ಅಂದ ಪರಸಪ್ಪ, ಹಾರದೊಳಗಿಂದ. "ಠಾಣೆಕ ಅಂತ ನಾ ಹೇಳಿರಲಿಲ್ಲ. ನಿನಗ ಹೆಂಗ ಗೊತ್ತಾತು?"

ಮೌಲಾಅಲಿಗೆ ಸುಳ್ಳು ಹೊಳೆಯಲಿಲ್ಲ.

"ಮಂದಿ ಅಂತಾರ್ರಿ, ನೀವು ಇಲ್ಲೇ ಇರಬೇಕಾದವ್ರು ಅಂತ."

ಫೌಜದಾರರು ತಮ್ಮ ಬೂಟು ನೋಡಿಕೊಂಡರು. ಪರಸಪ್ಪನ ಕಣ್ಣಲ್ಲಿ ಮಾತ್ರ ನೀರಾಡಿತು. "ಕೇಳಿದ್ರೇನ್ರಿ ರಾವಸಾಹೇಬ್ರ? ಮಂದಿ ಇಷ್ಟು ಪ್ರೀತಿ ಇಟ್ಟಾರಂತ ನನಗ ಗೊತ್ತಿರಲಿಲ್ಲ." ಆಮೇಲೆ ಮೌಲಾಅಲಿಯ ಹೆಗಲ ಮೇಲೆ ಕೈಯಿಟ್ಟ. "ನಾಳಿಂದ ಕಮಿಟಿ ಗಾಡಿ ನಿಂದ. ಬ್ಯಾರೆ ಬಾಡಿಗಿ ಹಿಡೀಬ್ಯಾಡ."

ಸಂಜೆ ಅವನು ಕೊಣ್ಣೂರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಮುಂಜಾನೆ 'ನೀನು' ಅಂದಿದ್ದ ಸೋಮಪ್ಪ ಎದ್ದು ನಿಂತು "ಬರ್ರಿ" ಅಂದ. ಲಕ್ಕವ್ವ ಬುಟ್ಟಿ ಎತ್ತಿಕೊಂಡು ಬೇರೆ ದಾರಿ ಹಿಡಿದಳು.

ಮನೆಯಲ್ಲಿ ರಮಜಾನಸಾಬ ಗೋಡೆಗೊರಗಿ ಕಾಯುತ್ತಿದ್ದ. "ಅವನ್ನ ಠಾಣೆಕ ಒಪ್ಪಿಸಿದ್ಯಂತ. ಖರೆ ಏನು?"

"ಖರೆ."

"ಅವರೇನು ಮಾಡಿದ್ರು?"

"ಹಾರ ಹಾಕಿದ್ರು."

ಅಣ್ಣ ನಡು ಒತ್ತಿಕೊಂಡ. "ಮತ್ತ ನಿನಗ?"

"ಅವನ ಗಾಡಿ ಇನ್ನ ನಾನ ಹೊಡೀಬೇಕಂತ. ನಾಳಿ ಸಂಕೇಶ್ವರದ ದಾರಿಗೆ ಹೋಗೂದೈತಿ." ಮೌಲಾಅಲಿ ತಲೆ ತಗ್ಗಿಸಿದ. "ಅಲ್ಲಿ ಕಳ್ಳರ ಕಾಟ ಭಾಳ ಐತಂತ. ಯಾರು ಮಾಡಾಕತ್ತಾರ ಅಂತ ಅವ ತಪಾಸ ಮಾಡಾಂವ."