ಗೂಡಿನ ಇಟ್ಟಿಗೆ

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ತಿಳಿಯದ್ದನ್ನು ತಿಳಿಯದೆಂದು ಹೇಳಲು ನಾಚಿಕೆಯಿಲ್ಲ. ತಪ್ಪು ನನ್ನದು ಎಂದು ಹೇಳುವ ವಿದ್ಯೆ ಮಾತ್ರ ಎಪ್ಪತ್ತು ದಾಟಿದರೂ ಹತ್ತಲಿಲ್ಲ.

ಮೂಡಲಗಿಯ ನಮ್ಮ ಮನೆಯಲ್ಲಿ ನಾನೂ ಸೊಸೆ ಸವಿತಾಳೂ ಖಡಕ್ ರೊಟ್ಟಿ ಮಾಡಿ ಮಾರುತ್ತೇವೆ. ಬಡಿಯುವುದು ನಾನು. ಉಳಿದದ್ದು ಅವಳು ಮತ್ತು ಗೋಕಾಕದಿಂದ ತಂದ ಅವಳ ಹಳೆಯ ಕಂಪ್ಯೂಟರ್. ಅದರಲ್ಲಿ ಒಂದು ಪ್ರೋಗ್ರಾಮು ತಕ್ಕಡಿಯ ತೂಕ ಓದಿ ಹೇಳಬೇಕು, ಇನ್ನೊಂದು ಕೇಳಿಕೊಂಡು ಪೊಟ್ಟಣದ ಚೀಟಿ ಅಚ್ಚು ಹಾಕಬೇಕು. ಒಂದು ಹೇಳಿದ್ದು ಇನ್ನೊಂದಕ್ಕೆ ಮುಟ್ಟಲೊಲ್ಲದು. ಹುಕ್ಕೇರಿಯ ಮದುವೆ ಮನೆಯವರು ಸಾವಿರ ರೊಟ್ಟಿ ಹೇಳಿದ್ದರು. ಅದೇ ವಾರ ನನ್ನ ತೋಳೂ ಮುಷ್ಕರ ಹೂಡಿತು. ಇವೆರಡೂ ಸರಿಯಾಗದಿದ್ದರೆ ಹುಕ್ಕೇರಿಯ ವ್ಯಾಪಾರ ಕೈಬಿಟ್ಟಂತೆ.

ಸವಿತಾ ಏನೋ ಕುಟ್ಟಿ, ಪರದೆ ಓದಿ, ಹಣೆ ಹಿಡಿದಳು. "ದಾರಿ ಕರ್ನಲ್‌ದಾಗನ ಇಲ್ಲರಿ ಅತ್ತಿ."

"ಅದ್ಯಾರವ್ವಾ?"

"ಕಂಪ್ಯೂಟರ್ ಒಳಗಿನ ಯಜಮಾನ ಅನ್ರಿ. ಒಂದು ಪ್ರೋಗ್ರಾಮು ಇಟ್ಟದ್ದನ್ನ ಇನ್ನೊಂದು ತಗೊಳ್ಳಾಕ ಅವ ನಡುವ ಗೂಡು ಬಿಟ್ಟಿರಬೇಕು. ಇದರಾಗ ಗೂಡು ಮುಚ್ಚಿ ಕಟ್ಟ್ಯಾರ."

ನಾನು ಗೋಡೆ ನೋಡಲಿಲ್ಲ. ನೋಡದಿದ್ದರೂ ಕಂಡಿತು. ನಮ್ಮ ಅಡುಗೆಮನೆಗೂ ಓರಗಿತ್ತಿ ಗಂಗವ್ವನ ಅಡುಗೆಮನೆಗೂ ನಡುವೆ ಆರಪಾರ ಒಂದು ಗೂಡಿದೆ. ಹೆಪ್ಪು, ಕೆಂಡ, ಚಾಡಿ ಎಲ್ಲ ಅದರಲ್ಲೇ ಓಡಾಡುತ್ತಿದ್ದವು. ಆರು ವರ್ಷದ ಹಿಂದೆ ಅವಳು ನನ್ನ ರೊಟ್ಟಿ ದಪ್ಪ ಎಂದಳು. ನಾನು ಗೂಡಿಗೆ ಇಟ್ಟಿಗೆ ಇಟ್ಟೆ. ಓಣಿಯಲ್ಲಿ ತೆಳ್ಳಗೆ ಬಡಿಯುವ ಕೈ ಅವಳದೇ. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸವಿತಾ ಬೇರೆ ಕರ್ನಲ್ ಹಾಕಿದಳು. "ಮೊದಲ ಒಂದು ಸಣ್ಣ ಸುದ್ದಿ ಇಟ್ಟು ನೋಡ್ತೇನ್ರಿ. ಆ ಕಡಿಯಿಂದ ತಗೊಂಡ್ರ ಎಲ್ಲಾ ಚಲೋ ಐತಿ ಅಂತ ತಿಳ್ಕೊಳ್ಳೋದು." ಚೀಟಿ ಸರ್ರನೆ ಹೊರಬಂತು.

ನಾನು ಇಟ್ಟಿಗೆ ಕಿತ್ತು, ಗೂಡಿನಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಒಂದು ಬಟ್ಟಲು ಇಟ್ಟು, ಏನೂ ಮಾಡದವಳಂತೆ ಹಿಟ್ಟು ಸಾಣಿಸುತ್ತ ಕೂತೆ. ಬಟ್ಟಲು ಮಾಯವಾಯಿತು. ಸ್ವಲ್ಪ ಹೊತ್ತಿಗೆ ಆಚೆಯಿಂದ ಗಂಗವ್ವನ ದನಿ: "ಅಕ್ಕಾ, ಉಪ್ಪ ಕಡಿಮಿ ಆಗೇತಿ!"

"ನಿನ್ನ ಬಾಯಿ ಜಾಸ್ತಿ ಆಗೇತಿ. ಹುಕ್ಕೇರಿಗೆ ರೊಟ್ಟಿ ಕೊಡೋದೈತಿ, ನನ್ನ ತೋಳ ಏಳವಲ್ದು. ಬರ್ತೀಯೇನ, ಇಲ್ಲೇನ?"

ನಮ್ಮಲ್ಲಿ ಬಟ್ಟಲನ್ನು ಬರಿದಾಗಿ ಮರಳಿಸುವುದಿಲ್ಲ. ಮರಳಿತು, ಮೇಲೆ ಒಂದೇ ಒಂದು ರೊಟ್ಟಿ, ಬೆಳಕು ಹಾಯುವಷ್ಟು ತೆಳ್ಳಗೆ. ಹಿಂದೆಯೇ ಗಂಗವ್ವ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು.

ಕರ್ನಲ್ ಬದಲಿಸಲು ಸವಿತಾಳಿಗೆ ಅರ್ಧ ದಿನ ಹಿಡಿಯಿತು, ನನಗೆ ಆರು ವರ್ಷ. ಇಟ್ಟಿಗೆಯನ್ನು ಬಿಸಾಡಿಲ್ಲ, ಕಂಪ್ಯೂಟರ್ ಮೇಜಿನ ಕುಂಟು ಕಾಲಿಗೆ ಕೊಟ್ಟಿದ್ದೇನೆ. ಗಂಗವ್ವ ಮತ್ತೆ ದಪ್ಪ ಎಂದರೆ, ಅದು ಎಲ್ಲಿದೆಯೆಂದು ಗೊತ್ತಿರಬೇಕಲ್ಲ.